ಕೊರೆಜ್ಮದ ಜ್ವರ

ಮಳೆ ಬಿದ್ದರೆ ಚಳಿಜ್ವರ ಬರುತ್ತದೆ. ಕೆಟ್ಟ ನೀರು ಕುಡಿದರೆ ವಾಂತಿಭೇದಿ ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಹಬ್ಬದ ದಿನ ನೋಡಿಕೊಂಡು ಬರುವ ಜ್ವರ ಯಾವುದು? ಪ್ರತಿವರ್ಷ ಅದೇ ವಾರ, ಅದೇ ಮನುಷ್ಯನಿಗೆ ಬಂದು, ನಾಲ್ಕೈದು ದಿನ ಇದ್ದು, ತಾನಾಗಿ ಹೋಗುವ ಜ್ವರ?

ಅಂಥದೊಂದು ಜ್ವರವನ್ನು ನಾನು ಹೊನ್ನಾವರದಲ್ಲಿ ಕಂಡೆ. ಅದರ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ನನ್ನ ಹೆಸರು ನರ್ಮದಾ. ಕುಮಟೆ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ೧೯೪೬ರ ಕೊನೆಗೆ ಹೊನ್ನಾವರದ ದವಾಖಾನೆಗೆ ನರ್ಸಾಗಿ ಬಂದೆ. ಬಂದರದ ಹಿಂದಿನ ಕೇರಿಯಲ್ಲಿ ದುರ್ಗಮ್ಮ ಎನ್ನುವವಳ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ದುರ್ಗಮ್ಮ ಮೀನು ಮಾರುತ್ತಿದ್ದಳು, ಅವಳ ಗಂಡ ಸೋಮ ಸಮುದ್ರಕ್ಕೆ ಹೋಗುತ್ತಿದ್ದ. ಬೇಲಿಯಾಚೆ ಕೈತಾನ ಮೇಸ್ತ್ರಿಯ ಮನೆ. ಕೈತಾನ ಕ್ರಿಸ್ತಾಂವ, ದೋಣಿ ಕಟ್ಟುವ ಬಡಗಿ. ಅವನ ಹೆಂಡತಿ ಸಾಬೆಲಬಾಯಿ. ಇದ್ದ ಒಬ್ಬ ಮಗಳನ್ನು ಮುರ್ಡೇಶ್ವರದ ಕಡೆ ಕೊಟ್ಟಿದ್ದರು. ಮನೆಯಲ್ಲಿ ಇವರಿಬ್ಬರೇ.

ಮೇಸ್ತ್ರಿ ಕುಡಿಯುತ್ತಿದ್ದ. ಮೊದಲು ಸಂಜೆ ಮಾತ್ರ ಇತ್ತಂತೆ. ನಾನು ಬರುವ ಹೊತ್ತಿಗೆ ಮಧ್ಯಾಹ್ನದ ಊಟಕ್ಕೂ ಸಾರಾಯಿ ಬೇಕಾಗಿತ್ತು. ಬೈಗುಳವಿಲ್ಲ, ಹೊಡೆತವಿಲ್ಲ. ಕುಡಿದು ಸುಮ್ಮನೆ ಗೋಡೆ ನೋಡಿಕೊಂಡು ಕೂರುತ್ತಿದ್ದ. ಭಾನುವಾರ ತಪ್ಪದೆ ಇಗರ್ಜಿಗೂ ಹೋಗುತ್ತಿದ್ದ. ಅಲ್ಲಿಯೂ ಗೋಡೆ ನೋಡಿಕೊಂಡೇ ಕೂರುತ್ತಾನೆ ಎಂದು ದುರ್ಗಮ್ಮ ನಗುತ್ತಿದ್ದಳು. ಇವಳು ಯಾವಾಗ ಇಗರ್ಜಿಯ ಒಳಗೆ ಹೋಗಿ ನೋಡಿದ್ದಳೋ ನನಗೆ ಗೊತ್ತಿಲ್ಲ.

ಫೆಬ್ರವರಿ ಬಂತು. ಒಂದು ಬೆಳಿಗ್ಗೆ ದುರ್ಗಮ್ಮ ಮೀನಿನ ಬುಟ್ಟಿ ತೊಳೆಯುತ್ತ ಹೇಳಿದಳು:

"ಇನ್ನೊಂದು ವಾರ, ನೋಡಿ. ಮೇಸ್ತ್ರಿಗೆ ಜ್ವರ ಬತ್ತದೆ."

"ನಿಮಗೆ ಹ್ಯಾಂಗೆ ಗೊತ್ತು?"

"ವರ್ಷಾ ಬತ್ತದೆ. ಅವರದ್ದು ಪಾಸ್ಕಾ ಹಬ್ಬ ಇಲ್ವ, ಅವರ ಸ್ವಾಮಿ ಸತ್ತು ಎದ್ದ ದಿನ, ಅದರ ಮುಂಚೆ ನಲವತ್ತು ದಿನ ಉಪವಾಸಕಾಲ. ಕೊರೆಜ್ಮ ಅಂತ್ರು. ಆ ನಲವತ್ತು ದಿನ ಮೇಸ್ತ್ರಿ ಒಂದು ತೊಟ್ಟು ಮುಟ್ಟೂದಿಲ್ಲ. ಹಠ ಅಂದ್ರೆ ಹಠ. ಶುರುವಾದ ವಾರ ಮೈಯೆಲ್ಲ ನಡುಗಿ ಜ್ವರ ಬತ್ತದೆ. ಪಾಪ ಇಳಿಯೂದಂತೆ ಅದು."

"ಪಾಪ ಇಳಿದ್ರೆ ಜ್ವರ ಬತ್ತದಾ?"

"ನಂಗೆಂತ ಗೊತ್ತು? ಅದು ಅವರ ದೇವರ ಜ್ವರ. ನಿಮಗೆಂತಕ್ಕೆ?"

ನನಗೆಂತಕ್ಕೆ ಎಂದರೆ ಹೇಗೆ? ನಾನು ನರ್ಸು. ಅದಲ್ಲದೆ ಹುಟ್ಟಿದಾಗಿನಿಂದ ಕುತೂಹಲದ ಮುದ್ದೆ. ನಾನು ಬಾಯಿ ತೆರೆದರೆ ಪ್ರಶ್ನೆಯೇ ಬರುತ್ತದೆ ಎಂದು ನನ್ನ ತಾಯಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಆ ಜ್ವರವನ್ನು ನೋಡಲೇಬೇಕು ಎಂದು ನಿರ್ಧರಿಸಿದೆ.

ಕೊರೆಜ್ಮಕ್ಕೆ ಮುಂಚಿನ ಮೂರು ದಿನ ಇಂತ್ರೂಜ್. ಹಾಡು, ಕುಣಿತ, ಹಂದಿಮಾಂಸದ ಊಟ. ಮೇಸ್ತ್ರಿ ಆ ಮೂರು ದಿನ ನಲವತ್ತು ದಿನದ್ದನ್ನು ಒಟ್ಟಿಗೆ ಕುಡಿದ. ಬುಧವಾರ ಇಗರ್ಜಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ. ಕುಡಿತ ಅಲ್ಲಿಗೆ ನಿಂತಿತು. ಗುರುವಾರ ಅವನ ಕೈ ನಡುಗುವುದನ್ನು ಬೇಲಿಯಾಚೆಯಿಂದಲೇ ಕಂಡೆ. ಶುಕ್ರವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಆ ಮನೆಯಿಂದ ಕೂಗು ಕೇಳಿಸಿತು.

ಓಡಿ ಹೋದೆ. ಮೇಸ್ತ್ರಿ ಮೂಲೆಯಲ್ಲಿ ಕುಳಿತು ಗೋಡೆಯನ್ನು ಎರಡೂ ಕೈಯಿಂದ ಉಜ್ಜುತ್ತಿದ್ದ. ಬೆವರಿನಿಂದ ಅಂಗಿ ಮೈಗೆ ಅಂಟಿತ್ತು.

"ಏಡಿ, ಏಡಿ! ಗೋಡೆ ತುಂಬ ಏಡಿ. ತೆಗಿ, ಸಾಬೆಲ್!"

ಗೋಡೆಯ ಮೇಲೆ ಏನೂ ಇರಲಿಲ್ಲ. ಕೈ ಹಿಡಿದು ನಾಡಿ ನೋಡಿದೆ, ಕುದುರೆ ಓಡಿದ ಹಾಗೆ ಓಡುತ್ತಿತ್ತು. ಹೆಂಡತಿ ಮಣಿಸರ ಹಿಡಿದು ದೇವರ ಗೂಡಿನ ಮುಂದೆ ಮಂಡಿಯೂರಿದ್ದಳು.

"ಸಾಬೆಲಬಾಯಿ, ಡಾಕ್ಟರನ್ನ ಕರೀತೆ."

"ಬೇಡ, ನರ್ಸಬಾಯಿ! ಮದ್ದು ಕುಡಿಸಿದ್ರೆ ಹರಕೆ ಕೆಟ್ಟುಹೋತದೆ. ಇದು ಅವರ ಪ್ರಾಯಶ್ಚಿತ್ತ. ಹೋದ ವರ್ಷ ನಾಕು ದಿನಕ್ಕೆ ಹೋಯ್ತು. ಈ ಸಲ ದೇವರು ಸ್ವಲ್ಪ ಹೆಚ್ಚು ಕೊಟ್ಟಿದ್ದಾನೆ."

"ಹೋದ ವರ್ಷ ಏಡಿ ಕಂಡಿತ್ತಾ?"

ಅವಳು ಗಂಡನ ಕಡೆ ತಿರುಗಿದಳು. ಕಂಡಿರಲಿಲ್ಲ ಎಂದು ಮುಖ ಹೇಳಿತು. ನನಗೆ ಸಿಟ್ಟು ಬಂತು. "ನಿಮ್ಮ ದೇವರಿಗೆ ಬೈಯಬೇಕಾದ್ರೆ ಆಮೇಲೆ ನನ್ನ ಹೆಸರು ಹೇಳಿ" ಎಂದವಳೇ ದವಾಖಾನೆಗೆ ಓಡಿದೆ.

ಡಾಕ್ಟರು ಬಂದರು. ಸೂಜಿ ಹಾಕಿದರು, ನಿದ್ದೆಯ ಮದ್ದು ಕೊಟ್ಟರು. ಎರಡು ದಿನ ಒಬ್ಬರಾದರೂ ಹತ್ತಿರ ಕೂತಿರಬೇಕು, ಬಾಯಿಗೆ ನೀರು, ಗಂಜಿ, ಸಕ್ಕರೆ ಹೋಗುತ್ತಿರಬೇಕು ಎಂದರು. ಸಕ್ಕರೆ ಆಗ ರೇಷನ್ನಿನಲ್ಲಿತ್ತು. ದುರ್ಗಮ್ಮ ತನ್ನ ಮನೆಯದ್ದನ್ನು ಪೂರ್ತಿ ತಂದು ಕೊಟ್ಟಳು. ಬಾಯಿ ಜೋರು, ಆದರೆ ಹೆಂಗಸು ಒಳ್ಳೆಯವಳು.

ಹೊರಗೆ ಬಂದು ಡಾಕ್ಟರು ಸಾಬೆಲಬಾಯಿಗೆ ಬಿಡಿಸಿ ಹೇಳಿದರು.

"ಬಾಯಿ, ಇದು ಜ್ವರ ಅಲ್ಲ. ದಿನಾ ಕುಡಿದ ಮೈಗೆ ಕುಡಿತ ಒಮ್ಮೆಲೆ ನಿಂತುಹೋದ್ರೆ ಹೀಗಾಗ್ತದೆ. ಕೈಕಾಲು ನಡುಗ್ತದೆ, ಬೆವರು ಬರ್ತದೆ, ಇಲ್ಲದ್ದೆಲ್ಲ ಕಾಣ್ತದೆ. ಕೆಲವರಿಗೆ ಫಿಟ್ಸ್ ಬರ್ತದೆ. ಪ್ರಾಣವೇ ಹೋಗಬಹುದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದ ಹಾಗೆ ಇದು ಜೋರಾಗ್ತಾ ಹೋಗ್ತದೆ. ಪಾಸ್ಕಾ ದಿನ ಮತ್ತೆ ಶುರು ಮಾಡಿದ್ರೆ, ಮುಂದಿನ ವರ್ಷ ಇದೇ ವಾರ ಅವನು ಉಳೀತಾನೆ ಅಂತ ನಾನು ಹೇಳುದಿಲ್ಲ."

ಸಾಬೆಲಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹನ್ನೊಂದು ವರ್ಷದಿಂದ ಆ ಜ್ವರವನ್ನು ಅವಳು ಪೂಜಿಸಿದ್ದಳು. ಗಂಡ ಎಷ್ಟೇ ಕುಡಿಯಲಿ, ಕೊರೆಜ್ಮದಲ್ಲಿ ಅವನಷ್ಟು ಕಟ್ಟುನಿಟ್ಟು ಯಾರೂ ಇಲ್ಲ ಎಂದು ಕೇರಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ನನಗೆ ಅವಳನ್ನು ನೋಡಿ ಅಳು ಬಂತು.

ಮೇಸ್ತ್ರಿ ಉಳಿದ. ವಾರವಾದ ಮೇಲೆ ನದಿಯ ದಡದಲ್ಲಿ ಒಂದು ದೋಣಿಯ ಕೆಲಸಕ್ಕೆ ಹೋಗತೊಡಗಿದ. ದವಾಖಾನೆಯಿಂದ ಬರುವಾಗ ನಾನು ಅಲ್ಲಿ ನಿಂತೆ. ಡಾಕ್ಟರು ಹೇಳಿದ್ದು ಅವನಿಗೆ ಗೊತ್ತಾಗಿತ್ತು. ಒಂದು ಹಲಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಕಿವಿಗೊಟ್ಟು ಕೇಳುತ್ತಿದ್ದ.

"ಎಂತ ಕೇಳ್ತ್ರಿ, ಮೇಸ್ತ್ರಿ?"

"ಹಲಗೆ ಗಟ್ಟಿ ಇದ್ರೆ ಸದ್ದು ಬತ್ತದೆ. ಒಳಗೆ ಹುಳ ತಿಂದಿದ್ರೆ ಬರೂದಿಲ್ಲ."

"ಒಂದು ಕೇಳ್ಲಾ? ಬೇಜಾರು ಮಾಡ್ಕಬೇಡಿ. ನಲವತ್ತು ದಿನ ಮುಟ್ಟದೆ ಇರೂಕೆ ಆತದೆ ಅಂದ್ಮೇಲೆ, ನಲವತ್ತೊಂದನೇ ದಿನ ಎಂತಕ್ಕೆ ಆತಿಲ್ಲ?"

ಅವನು ಸುತ್ತಿಗೆ ಕೆಳಗಿಟ್ಟ. ಹಲಗೆಯನ್ನು ಕೈಯಿಂದ ಸವರಿದ. ಹೆಚ್ಚು ಕೇಳಿದೆನೋ ಎಂದು ನಾನು ಹೊರಟೆ. ಆಗ ಹೇಳಿದ:

"ನಾನು ಬಿಡೂದಿಲ್ಲ, ನರ್ಸಬಾಯೋರೆ. ಕಾಯ್ತೆ. ನಲವತ್ತು ದಿನ ಪಾಸ್ಕಾದ ಬಾಟ್ಲಿ ಕಾಯ್ತೆ. ಊರವರು ದೇವರಿಗೆ ಉಪವಾಸ ಅಂದ್ಕಂಡಿದ್ದಾರೆ."

"ಮತ್ತೆ ಸಂಜೆ ಮಣಿಸರ ಹಿಡಿದು ತೇರ್ಸು ಹೇಳ್ತ್ರಲ್ಲ. ಆಗ ದೇವರ ಹತ್ರ ಎಂತ ಮಾತಾಡ್ತ್ರಿ?"

"ಮಾತಾಡುದಾ?" ಅವನಿಗೆ ಆಶ್ಚರ್ಯವಾಯಿತು. "ಹೇಳುದು. ಐವತ್ಮೂರು ಸಲ ನಮಾನ್ ಮೊರಿಯೆ, ಮರಿಯಮ್ಮನ ಜಪ. ಬಾಯಿ ತಾನಾಗಿ ಹೇಳ್ತದೆ. ಸಣ್ಣವನಿದ್ದಾಗ ಒಳಗೆ ಎಂತದೋ ಆಗ್ತಿತ್ತು. ಹಬ್ಬದ ದಿನ ಕಣ್ಣಲ್ಲಿ ನೀರು ಬರ್ತಿತ್ತು. ಯಾವಾಗ ನಿಂತಿತು ಗೊತ್ತಿಲ್ಲ. ಈಗ ಒಳಗೆ ಬಡಿದ್ರೆ ಸದ್ದೇ ಇಲ್ಲ."

"ಇದನ್ನ ನಿಮ್ಮ ಫಾದರಿಗೆ ಹೇಳಿದ್ರಾ?"

"ಇದನ್ನಾ? ಇದೆಂತ ಪಾಪದ ಪಟ್ಟಿಯಲ್ಲಿ ಬತ್ತದಾ?"

ನನಗೆ ಅವರ ಪಟ್ಟಿ ಗೊತ್ತಿರಲಿಲ್ಲ. ಹೋಗಿ ಕೇಳಿ ನೋಡಿ ಎಂದೆ. ನಿಜ ಹೇಳಬೇಕೆಂದರೆ, ಫಾದರು ಏನು ಹೇಳುತ್ತಾರೆ ಎಂದು ತಿಳಿಯುವ ಆಸೆ ನನಗೇ ಇತ್ತು.

ಆ ಶನಿವಾರ ಮೇಸ್ತ್ರಿ ಪಾಪನಿವೇದನೆಗೆ ಹೋದ. ಅಲ್ಲಿ ಹೇಳಿದ್ದನ್ನು ಫಾದರು ಯಾರಿಗೂ ಹೇಳುವಂತಿಲ್ಲ. ಆದರೆ ಮೇಸ್ತ್ರಿ ಹೇಳಬಹುದಲ್ಲ. ಬೇಲಿಯ ಹತ್ತಿರ ಬಂದು ಅವನೇ ಹೇಳಿದ:

"ಪ್ರತಿವರ್ಷ ಹೇಳೂದನ್ನೇ ಹೇಳೂಕೆ ಶುರು ಮಾಡಿದೆ. ಕುಡ್ದೆ, ಸುಳ್ಳು ಹೇಳ್ದೆ, ಅಂತ. ನಡುವೆ ನಿಂತುಹೋಯ್ತು. 'ಫಾದರ್, ನಾನು ಉಪವಾಸ ಮಾಡೂದಿಲ್ಲ, ಬಾಟ್ಲಿ ಕಾಯ್ತೆ, ದೇವರು ಇದ್ದಾನೋ ಇಲ್ವೋ ನಂಗೆ ಗೊತ್ತಾತಿಲ್ಲ' ಅಂದೆ. ಫಾದರು ಬಯ್ಯಲಿಲ್ಲ. 'ಕೈತಾನ, ಎಷ್ಟು ವರ್ಷದ ಮೇಲೆ ದೇವರ ಹತ್ರ ಒಂದು ನಿಜ ಮಾತು ಆಡಿದೆ' ಅಂದ್ರು."

"ಪ್ರಾಯಶ್ಚಿತ್ತ ಎಂತ ಕೊಟ್ರು?"

"ದಿನಾ ಸಂಜೆ ತೇರ್ಸಿಗಿಂತ ಮುಂಚೆ ಒಂದು ಮಾತು ನನ್ನದೇ ಆಗಿ ಹೇಳಬೇಕಂತೆ. ಸಾಬೆಲ್ಲಿಗೆ ಕೇಳುವ ಹಾಗೆ. ಚಂದ ಇರೂದು ಬೇಡ, ನಿಜ ಇದ್ರೆ ಸಾಕಂತೆ."

ಅಷ್ಟೇನಾ ಎಂದು ನನಗನಿಸಿತು. ಒಂದು ಮಾತಿನಿಂದ ಕುಡಿತ ಬಿಡುವುದಾದರೆ ದವಾಖಾನೆ ಯಾಕೆ ಬೇಕು ಎಂದು ಮನಸ್ಸಿನಲ್ಲೇ ನಕ್ಕೆ. ಆದರೂ ಸಂಜೆಯಾಗುವುದನ್ನು ಕಾದೆ.

ಜಗುಲಿಯಲ್ಲಿ ಕುಳಿತರೆ ಅವರ ಪ್ರಾರ್ಥನೆ ಸ್ಪಷ್ಟವಾಗಿ ಕೇಳುತ್ತಿತ್ತು. ಕೊಂಕಣಿ ನನಗೆ ಚೆನ್ನಾಗಿ ಬರುತ್ತದೆ. ದೀಪ ಹಚ್ಚಿದರು. ಮೇಸ್ತ್ರಿ ಕೆಮ್ಮಿದ. ಮತ್ತೆ ಕೆಮ್ಮಿದ. ಆಮೇಲೆ ಹೇಳಿದ:

"ದೇವಾ, ನಂಗೆ ಈಗ ಕುಡೀಬೇಕು ಅನಿಸ್ತಾ ಇದೆ."

"ಅಯ್ಯೋ!" ಸಾಬೆಲಬಾಯಿ ಕೂಗಿಕೊಂಡಳು. "ದೇವರ ಹತ್ರ ಹೀಗೆ ಹೇಳ್ತಾರಾ?"

"ಬೇರೆ ಯಾರ ಹತ್ರ ಹೇಳೂದು? ನಿಜ ಹೇಳೂಕೆ ಹೇಳಿದ್ದಾರೆ. ಇದೇ ನಿಜ."

ಮರುದಿನ, "ದೇವಾ, ಇವತ್ತೂ ಕುಡೀಬೇಕು ಅನಿಸ್ತದೆ" ಎಂದ. ಅದರ ಮರುದಿನ, "ದೇವಾ, ನಿನ್ನ ಹತ್ರ ಹೇಳೂಕೆ ನಂಗೆ ಎಂತದೂ ಇಲ್ಲ" ಎಂದ. ಒಂದು ದಿನ, "ನಿನ್ನ ಮೇಲೆ ಸಿಟ್ಟು ಬಂದಿದೆ, ಎಂತಕ್ಕೆ ಅಂತ ಗೊತ್ತಾತಿಲ್ಲ" ಎಂದ. ಸಾಬೆಲಬಾಯಿ ಪ್ರತಿದಿನ ಶಿಲುಬೆಯ ಗುರುತು ಹಾಕಿಕೊಂಡು ಗಂಡನ ಪರವಾಗಿ ಕ್ಷಮೆ ಕೇಳುತ್ತಿದ್ದಳು. ಕುಡಿಯುವ ಆಸೆ ಬಂದಾಗ ಅವನು ಗೋಡೆ ನೋಡಿಕೊಂಡು ಕೂರುವುದು ಕಡಿಮೆಯಾಯಿತು. ಸಂಜೆ ಏನು ಹೇಳಲಿ ಎಂದು ಹಗಲೆಲ್ಲ ಯೋಚಿಸಬೇಕಾಗುತ್ತಿತ್ತಂತೆ. ನಾನು ಇದನ್ನು ಗಮನಿಸಿದೆ, ಸ್ವಲ್ಪ ಸೋಜಿಗವಾಯಿತು.

ನಾಲ್ಕನೆಯ ವಾರ ಒಂದು ಸಂಜೆ ಮೇಸ್ತ್ರಿ ಹೀಗೆಂದ:

"ದೇವಾ, ಸೋಮನ ದೋಣಿಯ ಎಡಮಗ್ಗುಲ ಸಂದಿಗೆ ನಾನು ಹತ್ತಿ ಸರಿ ತುಂಬಿಲ್ಲ. ಇಂತ್ರೂಜಿಗೆ ಮುಂಚೆ ಕೆಲಸ ಮುಗಿಸೂಕೆ ಮೇಲಿಂದ ರಾಳ ಬಳಿದುಬಿಟ್ಟೆ. ನೀರು ಒಳಗೆ ಬತ್ತದೆ."

ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ದುರ್ಗಮ್ಮ ಮೊರವನ್ನು ಹಾಗೇ ಬಿಟ್ಟು ಎದ್ದಳು. ಅವಳಿಗೂ ಕೊಂಕಣಿ ಬರುತ್ತಿತ್ತು.

"ಎಂತ ಹೇಳ್ದ್ರಿ, ಮೇಸ್ತ್ರಿ? ನಮ್ಮ ದೋಣಿಯಾ? ನನ್ನ ಗಂಡ ಅದರಲ್ಲಿ ಸಮುದ್ರಕ್ಕೆ ಹೋತಾನೆ! ದೇವರಿಗೆ ಹೇಳಿದ್ರೆ ಆತಾ? ನಮಗೆ ಹೇಳೂದು ಬೇಡ್ವಾ?"

ಬೇಲಿಯಾಚೆ ಮಣಿಸರ ಕೆಳಗಿಟ್ಟ ಸದ್ದಾಯಿತು. ಆಮೇಲೆ ಮೇಸ್ತ್ರಿ ಬಾಗಿಲಿಗೆ ಬಂದ, ಮುಖ ಕೆಂಪಾಗಿತ್ತು.

"ಹೇಳಬೇಕಿತ್ತು, ದುರ್ಗಮ್ಮ. ತಪ್ಪಾಯ್ತು. ನಾಳೆ ಬೆಳಿಗ್ಗೆ ಬಿಚ್ಚಿ ಹೊಸದಾಗಿ ತುಂಬ್ತೆ. ಒಂದು ಪೈ ಬೇಡ."

ಮರುದಿನ ಬಿಚ್ಚಿದ. ಎರಡು ದಿನ ಬಿಸಿಲಿನಲ್ಲಿ ಕುಳಿತು ಇಂಚಿಂಚು ಹತ್ತಿ ಬಡಿದ. ಅಲ್ಲಿಂದ ಮುಂದೆ ಸಂಜೆಯ ಮಾತಿಗೆ ದುರ್ಗಮ್ಮನೂ ನನ್ನ ಪಕ್ಕ ಬಂದು ಕೂರತೊಡಗಿದಳು. ಇನ್ನೆಲ್ಲಿ ಏನು ಸೋರುತ್ತದೋ ನೋಡಬೇಕು ಎನ್ನುತ್ತಿದ್ದಳು.

ನಗು ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. ಪಾಸ್ಕಾ ಹತ್ತಿರ ಬರುತ್ತಿತ್ತು. ಹಬ್ಬದ ಬೆಳಿಗ್ಗೆ ಪೂಜೆ ಮುಗಿದ ಮೇಲೆ ನೆಂಟರೆಲ್ಲ ಸೇರಿ ಮೇಸ್ತ್ರಿಗೆ ಮೊದಲ ಗ್ಲಾಸು ಕೊಡುವುದು ಆ ಮನೆಯ ರೂಢಿ. ನಲವತ್ತು ದಿನ ತಡೆದವನಿಗೆ ಮರ್ಯಾದೆ. ಆ ಗ್ಲಾಸು ಕುಡಿದರೆ ಅವನು ಮತ್ತೆ ಮಧ್ಯಾಹ್ನ, ಸಂಜೆ ಎನ್ನುತ್ತಾನೆ. ಮುಂದಿನ ಕೊರೆಜ್ಮದಲ್ಲಿ ಒಮ್ಮೆಲೆ ಬಿಡುತ್ತಾನೆ. ಆಗ ಡಾಕ್ಟರು ಹೇಳಿದ ಮಾತು ನಿಜವಾಗುತ್ತದೆ. ಇದು ನಮಗೆ ಮೂವರು ಹೆಂಗಸರಿಗೂ ಗೊತ್ತಿತ್ತು.

ಶುಭ ಶುಕ್ರವಾರ ಬಂತು. ಯೇಸುಸ್ವಾಮಿ ಶಿಲುಬೆಯ ಮೇಲೆ ಸತ್ತ ದಿನ ಅದು. ಇಗರ್ಜಿಯಿಂದ ಬಂದ ಮೇಸ್ತ್ರಿ ಮನೆಗೆ ಹೋಗದೆ ನೇರ ನಮ್ಮ ಅಂಗಳಕ್ಕೆ ಬಂದ. ಮುಖದಲ್ಲಿ ಎಂಥದೋ ಗಡಿಬಿಡಿ.

"ನರ್ಸಬಾಯೋರೆ, ನಿಮಗೊಂದು ಗೊತ್ತುಂಟಾ? ಸಾಯುವಾಗ ಅವನಿಗೆ ಬಾಯಾರಿತ್ತಂತೆ!"

"ಯಾರಿಗೆ?"

"ನಮ್ಮ ಸ್ವಾಮಿಗೆ. ಶಿಲುಬೆಯ ಮೇಲೆ. ನಂಗೆ ಬಾಯಾರ್ತದೆ ಅಂದನಂತೆ. ಹುಳಿ ಹೆಂಡ ಮುಟ್ಟಿಸಿದ್ರಂತೆ ತುಟಿಗೆ. ಫಾದರು ವರ್ಷಾ ಹೇಳ್ತಾರೆ, ನಾನು ಐವತ್ತು ವರ್ಷ ಕೂತು ಕೇಳಿದ್ದೆ. ಇವತ್ತೇ ಕಿವಿಗೆ ಬಿತ್ತು. ನಾಲಿಗೆ ಒಣಗಿದ್ರೆ ಹ್ಯಾಂಗೆ ಆತದೆ ಅಂತ ಅವನಿಗೆ ಗೊತ್ತು. ಗೊತ್ತಿದ್ದವನ ಹತ್ರವೇ ನಾನು ಇಷ್ಟು ದಿನ ಹೇಳ್ತಾ ಇದ್ದದ್ದು!"

ಅವನ ಕಣ್ಣು ತುಂಬಿತ್ತು. ನನ್ನಂಥವಳಿಗೂ ಆಗ ಪ್ರಶ್ನೆ ಹುಟ್ಟಲಿಲ್ಲ ಎಂದರೆ ನೋಡಿ.

ಸಂಜೆ ದೀಪ ಹಚ್ಚಿದರು. ನಾನೂ ದುರ್ಗಮ್ಮನೂ ಜಗುಲಿಯಲ್ಲಿದ್ದೆವು. ಮೇಸ್ತ್ರಿ ಕೆಮ್ಮಲಿಲ್ಲ.

"ಸ್ವಾಮಿ, ನಿಂಗೂ ಬಾಯಾರಿತ್ತು, ನಂಗೂ ಬಾಯಾರ್ತದೆ. ಅಕ್ಕಿ ಮಡಕೆಯೊಳಗೆ ಬಾಟ್ಲಿ ಉಂಟು. ಎರಡು ವಾರದಿಂದ ನಂಗೆ ಗೊತ್ತು. ಅದನ್ನೇ ಕಾಯ್ತಾ ಇದ್ದೆ. ಇಷ್ಟು ದಿನ ಎಲ್ಲ ಹೇಳ್ದೆ, ಇದೊಂದನ್ನ ಮುಚ್ಚಿಟ್ಟೆ."

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಸಾಬೆಲಬಾಯಿ ಅಳುವುದು ಕೇಳಿಸಿತು. ನಾವಿಬ್ಬರೂ ಓಡಿದೆವು.

ಬಾಟ್ಲಿ ಇಟ್ಟವಳು ಅವಳೇ! ಹನ್ನೊಂದು ವರ್ಷವೂ ಅವಳೇ ಇಟ್ಟಿದ್ದಳು. ತೆಂಗಿನಕಾಯಿ ಮಾರಿದ ದುಡ್ಡು ಕೂಡಿಸಿ, ಒಳ್ಳೆಯ ಸಾರಾಯಿ ತರಿಸಿ, ಅಕ್ಕಿಯಲ್ಲಿ ಹುಗಿದು, ಹಬ್ಬದ ದಿನ ಗಂಡನ ಮುಂದೆ ಇಡುತ್ತಿದ್ದಳು.

"ಡಾಕ್ಟರು ಹೇಳಿದ್ರಲ್ಲ, ಸಾಬೆಲಬಾಯಿ," ನಾನು ಗದರಿಸಿದೆ. "ಹೇಳಿದ ಮೇಲೂ ತಂದ್ರಾ?"

"ಒಂದೇ ಗ್ಲಾಸು ಅಂದ್ಕಂಡೆ. ಇಷ್ಟು ಕಷ್ಟಪಟ್ಟಿದ್ದಾರೆ, ಹಬ್ಬದ ದಿನ ಖುಷಿಯಾಗಿರಲಿ ಅಂತ... ನಾನು ಎಂಥ ಹೆಂಡತಿ! ನಾನೇ ಅವರನ್ನ ಕೊಲ್ಲೂಕೆ ಹೊರಟಿದ್ದೆ, ನರ್ಸಬಾಯಿ!"

ಅವಳನ್ನು ಇನ್ನೂ ಬೈಯಲು ನನಗೆ ಬಾಯಿ ಬರಲಿಲ್ಲ. ಪ್ರೀತಿಯಿಂದಲೇ ಮಾಡಿದ್ದಳು. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತದೆ. ಮೇಸ್ತ್ರಿ ಅವಳ ಪಕ್ಕ ಮಂಡಿಯೂರಿದ.

"ಅಳಬೇಡ, ಸಾಬೆಲ್. ನೀ ಇಟ್ಟೆ, ನಾ ಕಾದೆ. ಇಬ್ಬರದ್ದೂ ಒಂದೇ. ಈಗ ನೀನೂ ಒಂದು ಮಾತು ಹೇಳು ಅವನಿಗೆ."

ಅವಳು ದೇವರ ಗೂಡಿನ ಕಡೆ ತಿರುಗಿ ಕೂತಳು. ಕೊನೆಗೆ, "ದೇವಾ, ನಂಗೆ ಇವರು ಬೇಕು" ಎಂದಳು. ಮೂವತ್ತು ವರ್ಷ ತೇರ್ಸು ಹೇಳಿದ ಹೆಂಗಸಿನ ಸ್ವಂತ ಪ್ರಾರ್ಥನೆ ಅದು. ದುರ್ಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಬಾಟ್ಲಿಯನ್ನು ಮೇಸ್ತ್ರಿ ಮುಟ್ಟಲಿಲ್ಲ. "ವಾಸನೆ ಬಂದ್ರೆ ನನ್ನ ಕೈ ನನ್ನ ಮಾತು ಕೇಳೂದಿಲ್ಲ, ನೀವು ತಕ್ಕೊಂಡು ಹೋಗಿ" ಎಂದ. ನಾನೂ ದುರ್ಗಮ್ಮನೂ ಹೊಳೆಗೆ ಹೋಗಿ ಚೆಲ್ಲಿ ಬಂದೆವು.

ವಾಪಸು ಬರುವಾಗ ಅವನು ಅಂಗಳದಲ್ಲೇ ನಿಂತಿದ್ದ. ತಡೆಯಲಾಗದೆ ಕೇಳಿದೆ:

"ಮೇಸ್ತ್ರಿ, ದೇವರು ಇದ್ದಾನೋ ಇಲ್ವೋ ಗೊತ್ತಾತಿಲ್ಲ ಅಂದಿದ್ರಿ. ಈಗ?"

"ಇವತ್ತು ಹೇಳ್ದಾಗ ಯಾರೋ ಕೇಳ್ತಾ ಇದ್ರು. ಗೋಡೆಗೆ ಹೇಳಿದ ಹಾಗೆ ಇರ್ಲಿಲ್ಲ."

"ಅದು ಹ್ಯಾಂಗೆ ಗೊತ್ತಾತದೆ?"

"ನೀವು ನನ್ನ ಮಾತು ಕೇಳ್ತಾ ಇದ್ದೀರಿ ಅಂತ ನಂಗೆ ಹ್ಯಾಂಗೆ ಗೊತ್ತು? ಹಾಗೇ." ಸ್ವಲ್ಪ ತಡೆದು ಕೇಳಿದ: "ನೀವು ನಿಮ್ಮ ದೇವರ ಹತ್ರ ಎಂತ ಹೇಳ್ತ್ರಿ?"

ದಿನವೂ ದೀಪ ಹಚ್ಚಿ ಕೈಮುಗಿಯುವವಳು ನಾನು. ಏನು ಹೇಳುತ್ತೇನೆ? ನನ್ನ ಪ್ರಶ್ನೆ ನನಗೇ ತಿರುಗಿ ಬಂತು. ಅದನ್ನು ಇವತ್ತಿಗೂ ವಿಚಾರ ಮಾಡುತ್ತಿದ್ದೇನೆ.

ಪಾಸ್ಕಾದ ಬೆಳಿಗ್ಗೆ ನೆಂಟರು ಬಂದರು. ಮೇಸ್ತ್ರಿಯ ಅಣ್ಣನ ಮಗ ಸಾಂತಾನ ತಾನು ತಂದ ಬಾಟ್ಲಿಯಿಂದ ಗ್ಲಾಸು ತುಂಬಿ ತಂದ. "ಚಿಕ್ಕಪ್ಪಾ, ನಲವತ್ತು ದಿನ ಆಯ್ತು. ತಕ್ಕಳಿ."

ಮೇಸ್ತ್ರಿ ಗ್ಲಾಸನ್ನು ನೋಡಿದ. "ನಂಗೆ ಬೇಕು, ಸಾಂತಾನ," ಎಂದ. "ತುಂಬ ಬೇಕು. ಆದ್ರೆ ಕುಡಿಯೂದಿಲ್ಲ. ನೀವೂ ನನ್ನ ಮುಂದೆ ಕುಡೀಬೇಡಿ. ನನ್ನ ಹಠ ಅಷ್ಟು ಗಟ್ಟಿ ಇಲ್ಲ." ಎಲ್ಲರೂ ಮುಖ ಮುಖ ನೋಡಿಕೊಂಡರು. ಸಾಂತಾನ ಗ್ಲಾಸನ್ನು ಹಿಂದೆ ತೆಗೆದುಕೊಂಡು ಹೋದ. ಸಾಬೆಲಬಾಯಿ ಎಲ್ಲರಿಗೂ ಬೆಲ್ಲದ ಪಾಯಸ ಬಡಿಸಿದಳು.

ಇಲ್ಲಿಗೆ ಕಥೆ ಮುಗಿಸಿದರೆ ಚಂದ. ಆದರೆ ನಿಜ ಹೇಳಬೇಕು.

ಹಬ್ಬ ಕಳೆದು ಹನ್ನೆರಡನೆಯ ದಿನ ಮೇಸ್ತ್ರಿ ಕಾಸರಕೋಡಿಗೆ ಕೆಲಸಕ್ಕೆಂದು ಹೊಳೆ ದಾಟಿದವನು ಕುಡಿದು ಬಂದ. ಹೊನ್ನಾವರದ ಎದುರು ದಡದ ಕಾಸರಕೋಡು, ದೂರವೇನಲ್ಲ. ಅವನು ತೂರಾಡುವುದನ್ನು ಕಂಡು ನನ್ನ ಎದೆ ಒಡೆಯಿತು. ಮುಗಿಯಿತು ಎಂದುಕೊಂಡೆ. ಹಳೆಯ ಲೆಕ್ಕದಲ್ಲಿ, ಕೆಟ್ಟಿತು ಎಂದರೆ ಮುಂದಿನ ಕೊರೆಜ್ಮದವರೆಗೆ ಕೆಟ್ಟಿತು. ಹನ್ನೊಂದು ವರ್ಷ ಹಾಗೇ ನಡೆದಿತ್ತು.

ಮರುದಿನ ಸಂಜೆ ಜಗುಲಿಯಲ್ಲಿ ಕೂರಲು ನನಗೆ ಮನಸ್ಸಿರಲಿಲ್ಲ. ದುರ್ಗಮ್ಮ ಎಳೆದು ಕೂರಿಸಿದಳು. ಬೇಲಿಯಾಚೆ ದೀಪ ಹೊತ್ತಿತು. ಮೇಸ್ತ್ರಿಯ ದನಿ ಒಡೆದಿತ್ತು, ಆದರೆ ಜೋರಾಗಿತ್ತು.

"ದೇವಾ, ನಿನ್ನೆ ಕುಡ್ದೆ. ಬಾಯಿ ಕೆಟ್ಟುಹೋಗಿದೆ, ನಾಚಿಕೆ ಆತದೆ. ಮುಂದಿನ ಕೊರೆಜ್ಮಕ್ಕೆ ಕಾಯೂದಿಲ್ಲ. ಇವತ್ತೇ ಬಂದಿದ್ದೆ."

ಕೇಳಿ ನಾನು ಅತ್ತೆ. ದುರ್ಗಮ್ಮ ಬೇಲಿಯ ಮೇಲಿಂದ ಕೂಗಿದಳು: "ಮೇಸ್ತ್ರಿ, ನಾಳೆ ಕಾಸರಕೋಡಿಗೆ ಸೋಮ ಕೂಡ ಬತ್ತಾನೆ! ಒಬ್ಬರೇ ಹೋಗೂದು ಬೇಡ!"

"ಆತು, ದುರ್ಗಮ್ಮ!" ಎಂದು ಒಳಗಿನಿಂದ ಉತ್ತರ ಬಂತು. ಮರುದಿನ ಇಬ್ಬರೂ ಒಂದೇ ದೋಣಿಯಲ್ಲಿ ಹೊಳೆ ದಾಟಿದರು.

ಅದಾದ ಮೇಲೂ ಅವನು ಎರಡು ಸಲ ಜಾರಿದ. ಎರಡೂ ಸಲ ಮರುದಿನವೇ ಬಂದು ಹೇಳಿದ. ಆಮೇಲೆ ಜಾರಲಿಲ್ಲ. ಮುಂದಿನ ವರ್ಷ ಬೂದಿ ಬುಧವಾರ ಬಂದಾಗ ಅವನಿಗೆ ಬಿಡಲು ಏನೂ ಉಳಿದಿರಲಿಲ್ಲ, ಜ್ವರವೂ ಬರಲಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ದಿನಾ ಕುಡಿಯುವವರು ಇದ್ದಾರೆಯೇ? ಅವರು ಒಮ್ಮೆಲೆ ಬಿಟ್ಟು, ಕೈ ನಡುಗಿ, ಬೆವರಿ, ಇಲ್ಲದ್ದನ್ನು ಕಂಡು ಕೂಗಿದರೆ ಅದನ್ನು ಜ್ವರ, ಹರಕೆ, ಪ್ರಾಯಶ್ಚಿತ್ತ ಎಂದುಕೊಳ್ಳಬೇಡಿ. ತಡಮಾಡದೆ ಡಾಕ್ಟರನ್ನು ಕರೆಯಿರಿ, ಒಬ್ಬರನ್ನೇ ಬಿಡಬೇಡಿ. ಕುಡಿತ ಬಿಡುವ ಮನಸ್ಸಿದ್ದರೆ ಮೊದಲೇ ಡಾಕ್ಟರನ್ನು ಕೇಳಿ ಬಿಡಿ. ತಡೆದದ್ದಕ್ಕೆ ಬಹುಮಾನವೆಂದು ಒಂದು ಗ್ಲಾಸೂ ಕೊಡಬೇಡಿ, ಪ್ರೀತಿ ತೋರಿಸಲು ಪಾಯಸ ಇದೆ. ಕುಡಿಯುವವರು ನೀವೇ ಆಗಿದ್ದರೆ, ಒಳಗೆ ಎಲ್ಲ ಒಣಗಿಹೋಗಿದೆ, ದೇವರ ಹತ್ತಿರ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಅನಿಸುತ್ತಿದ್ದರೆ, ಹಬ್ಬ ಬರಲಿ ಎಂದು ಕೂರಬೇಡಿ. ಇದ್ದ ಮುಖದಲ್ಲೇ ಹೋಗಿ. ಒಂದು ನಿಜ ಮಾತು ಹೇಳಿ. ನಾಳೆ ಬಿದ್ದರೆ ನಾಡಿದ್ದು ಮತ್ತೆ ಹೋಗಿ.

ಈ ಕಥೆ ಬರೆದ ಕಾಗದವನ್ನು ಅಂಥವರ ಕೈಗೆ ಕೊಟ್ಟು ಹೊರಟುಹೋಗಬೇಡಿ. ಪಕ್ಕದಲ್ಲಿ ಕುಳಿತು ಓದಿ ಹೇಳಿ. ಓದಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿರಿ. ಅವರಿಗೆ ಏನೋ ಹೇಳುವುದಿರಬಹುದು.